ಕಟ್ಟಲಾಗದ ದಂಡ

ಯಾವುದಾದರೂ ತಂತ್ರಜ್ಞಾನ ಕಂಪನಿಗೆ ಸರ್ಕಾರ ಸಾವಿರಾರು ಕೋಟಿಯ ದಂಡವನ್ನೋ ಬಾಕಿಯ ನೋಟಿಸನ್ನೋ ಕೊಟ್ಟಿತೆಂದರೆ ಸಾಕು, ಬೆಂಗಳೂರಿನ ಮಾಮೂಲ್‌ಪೇಟೆಯ ಸಗಟು ಅಂಗಡಿಗಳಿಂದ ಟಿ.ವಿ. ಚರ್ಚೆಗಳವರೆಗೆ ಒಂದೇ ಮಾತು ಕೇಳಿಬರುತ್ತದೆ: ‘ಹಾಗೇ ಆಗಬೇಕು ಅವರಿಗೆ. ದೊಡ್ಡವರಿಗೆ ಬುದ್ಧಿ ಬರೋದು ದೊಡ್ಡ ಮೊತ್ತ ಬಿದ್ದಾಗಲೇ.’ ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಆ ಕಂಪನಿಗಳ ಮೇಲೆ ನನಗೆ ಕನಿಕರವೇನೂ ಇಲ್ಲ. ಸೊನ್ನೆಗಳು ಹೆಚ್ಚಿದಂತೆಲ್ಲ ಶಿಕ್ಷೆಯ ಬಿಸಿಯೂ ಹೆಚ್ಚುತ್ತದೆ ಎಂದು ಯಾವ ವಿಚಾರಣೆಯೂ ಇಲ್ಲದೆ ನಂಬಿಬಿಡುವುದನ್ನು ನನಗೆ ಸಹಿಸಲಾಗದು. ಒಂದು ಮಿತಿಯನ್ನು ದಾಟಿದ ದಂಡ ಬೆಳೆದಷ್ಟೂ ಹಗುರವಾಗುತ್ತದೆ ಎಂಬುದು ನನ್ನ ವಾದ. ಕಟ್ಟಲು ಸಾಧ್ಯವೇ ಇಲ್ಲದ ಮೊತ್ತವನ್ನು ಯಾರೂ ಕಟ್ಟುವುದಿಲ್ಲ. ಯಾರೂ ಕಟ್ಟಲಾರರೆಂದು ಗೊತ್ತಿದ್ದ ಮೇಲೆ ತಪ್ಪನ್ನು ಅಳೆದು ತೂಗಿ ಸಾಬೀತುಪಡಿಸುವ ತಾಪತ್ರಯ ಸರ್ಕಾರಕ್ಕೂ ಉಳಿಯುವುದಿಲ್ಲ. ಇಬ್ಬರೂ ತಮ್ಮ ತಮ್ಮ ಹೊಣೆಯಿಂದ ಬಿಡುಗಡೆ ಪಡೆಯುತ್ತಾರೆ.

ನಮ್ಮ ಊರಿನದೇ ಪ್ರಕರಣವೊಂದನ್ನು ನೋಡೋಣ. 2022ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಗುಪ್ತಚರ ಮಹಾನಿರ್ದೇಶನಾಲಯವು ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಕಂಪನಿಗೆ 20,989 ಕೋಟಿ ರೂಪಾಯಿಯ ನೋಟಿಸ್ ಕೊಟ್ಟಿತು. ಮೊಬೈಲಿನಲ್ಲಿ ರಮ್ಮಿ ಆಡಿಸುತ್ತಿದ್ದ ಕಂಪನಿ ಅದು. 2017ರಿಂದ 2022ರ ಜೂನ್‌ವರೆಗಿನ ಲೆಕ್ಕ. ಆಟಗಾರರು ಹೂಡುವ ಪಣದಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಶುಲ್ಕವಾಗಿ ಹಿಡಿದುಕೊಂಡು, ಆ ಶುಲ್ಕದ ಮೇಲೆ ಶೇ 18ರಂತೆ ಕಂಪನಿ ತೆರಿಗೆ ಕಟ್ಟುತ್ತಿತ್ತು. ಇದು ಜೂಜು, ಆದ್ದರಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ 28 ಕಟ್ಟಬೇಕು ಎಂದಿತು ಇಲಾಖೆ. 20,989 ಕೋಟಿಯು ಶೇ 28 ಆಗಬೇಕಾದರೆ ಪಣದ ಒಟ್ಟು ಮೊತ್ತ 75,000 ಕೋಟಿಯ ಆಸುಪಾಸಿನಲ್ಲಿರಬೇಕು. ಅದರಲ್ಲಿ ಕಂಪನಿಯ ಕೈಯಲ್ಲಿ ಉಳಿದದ್ದು 7,500 ಕೋಟಿಯಷ್ಟು. ಮಿಕ್ಕಿದ್ದೆಲ್ಲ ಗೆದ್ದ ಆಟಗಾರರಿಗೆ ಹೋಗಿದೆ. ಅಂದರೆ ಖರ್ಚು ವೆಚ್ಚ ಒಂದನ್ನೂ ಕಳೆಯದೆ, ಐದು ವರ್ಷಗಳಲ್ಲಿ ಕೈಗೆ ಬಂದದ್ದರ ಸುಮಾರು ಮೂರರಷ್ಟನ್ನು ಸರ್ಕಾರ ಕೇಳಿತು. ಇದು ತೆರಿಗೆ, ದಂಡವಲ್ಲ ಎಂದು ಇಲ್ಲಿ ಯಾರಾದರೂ ತಕರಾರು ತೆಗೆಯಬಹುದು. ಕಾನೂನಿನ ಕಣ್ಣಲ್ಲಿ ಅದು ಸರಿ. ಆದರೆ ವಂಚನೆಯ ಆರೋಪ ಹೊರಿಸಿದ ನೋಟಿಸಿನಲ್ಲಿ ತೆರಿಗೆಯಷ್ಟೇ ಮೊತ್ತದ ದಂಡವೂ ಹಿಂದೆಯೇ ಬರುತ್ತದೆ. ಮೇಲಾಗಿ, ಬಂದ ಆದಾಯವನ್ನೆಲ್ಲ ನುಂಗಿ ಇನ್ನೆರಡರಷ್ಟು ಕೇಳುವ ತೆರಿಗೆಗೂ ದಂಡಕ್ಕೂ ಕಟ್ಟುವವನ ಮಟ್ಟಿಗೆ ವ್ಯತ್ಯಾಸವೇನೂ ಇಲ್ಲ. 2023ರ ಮೇ 11ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಸ್.ಆರ್. ಕೃಷ್ಣಕುಮಾರ್ ಅವರು, ರಮ್ಮಿ ಕೌಶಲದ ಆಟ, ಪಣವಿಟ್ಟು ಆಡಿದರೂ ಅದು ಜೂಜಾಗುವುದಿಲ್ಲ ಎಂದು ನೋಟಿಸನ್ನು ರದ್ದುಪಡಿಸಿದರು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಸೊನ್ನೆಗಳನ್ನು ಹೆಚ್ಚಿಸುತ್ತ ಹೋಗುವ ಈ ತರ್ಕದ ತುತ್ತತುದಿ ರಷ್ಯಾದಲ್ಲಿದೆ. ಯೂಟ್ಯೂಬಿನಲ್ಲಿ ಅಲ್ಲಿನ ಟಿ.ವಿ. ವಾಹಿನಿಗಳನ್ನು ತಡೆದದ್ದಕ್ಕೆ ಗೂಗಲ್ ಮೇಲೆ ದಿನದ ಲೆಕ್ಕದಲ್ಲಿ ದಂಡ ಹೇರಿ, ಕಟ್ಟದಿದ್ದರೆ ವಾರ ವಾರ ದುಪ್ಪಟ್ಟಾಗುವಂತೆ ಅಲ್ಲಿನ ನ್ಯಾಯಾಲಯ ಮಾಡಿತ್ತು. 2024ರ ಅಕ್ಟೋಬರ್ ಹೊತ್ತಿಗೆ ಅದು 2ರ ಮುಂದೆ 36 ಸೊನ್ನೆಗಳಷ್ಟು ರೂಬಲ್ ಆಗಿತ್ತು. ಭೂಮಿಯ ಮೇಲಿನ ದುಡ್ಡನ್ನೆಲ್ಲ ಒಟ್ಟುಗೂಡಿಸಿದರೂ ಅದರ ಒಂದು ಮೂಲೆ ತುಂಬುವುದಿಲ್ಲ. ಆ ಸಂಖ್ಯೆಯನ್ನು ಉಚ್ಚರಿಸಲೂ ತನಗೆ ಬರುವುದಿಲ್ಲ, ಅದರಲ್ಲಿ ಸಾಂಕೇತಿಕತೆ ತುಂಬಿದೆ ಎಂದು ಕ್ರೆಮ್ಲಿನ್ ವಕ್ತಾರ ಡಿಮಿಟ್ರಿ ಪೆಸ್ಕೋವ್ ತಾವೇ ಹೇಳಿದರು. ಇದನ್ನು ಬೆಂಗಳೂರಿನ ಇನ್ನೊಂದು ಆದೇಶದ ಪಕ್ಕದಲ್ಲಿಡಬೇಕು. ಕೇಂದ್ರ ಸರ್ಕಾರದ ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್ ಅರ್ಜಿಯನ್ನು 2023ರ ಜೂನ್ 30ರಂದು ವಜಾ ಮಾಡಿದ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್, 50 ಲಕ್ಷ ರೂಪಾಯಿಯನ್ನು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ 45 ದಿನಗಳಲ್ಲಿ ಕಟ್ಟಬೇಕು, ತಡವಾದರೆ ದಿನಕ್ಕೆ 5,000 ಎಂದರು. ಅದರಲ್ಲಿ 25 ಲಕ್ಷ ಠೇವಣಿ ಇಟ್ಟರೆ ತಡೆ ಕೊಡುವುದಾಗಿ ವಿಭಾಗೀಯ ಪೀಠ ಮುಂದೆ ಹೇಳಿತು. ಆ ತೀರ್ಪು ಅಭಿವ್ಯಕ್ತಿ ಸ್ವಾತಂತ್ರ್ಯದ ಮಟ್ಟಿಗೆ ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೂ ಅಲ್ಲಿನ ಮೊತ್ತಕ್ಕೆ ಯಾಕೆ, ಯಾರಿಗೆ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿತ್ತು. ಅದರ ಜೊತೆ ಜಗಳವಾಡಲು ಸಾಧ್ಯವಿತ್ತು. 36 ಸೊನ್ನೆಗಳ ಜೊತೆ ಏನೆಂದು ಜಗಳವಾಡುವುದು?

ದಂಡದ ವಿಷಯ ಬಂದಾಗ ಕೌಟಿಲ್ಯನನ್ನು ಎಳೆದು ತರುವುದು ವಾಡಿಕೆ. ಅತಿ ಉಗ್ರ ದಂಡ ಜನರನ್ನು ಕೆರಳಿಸುತ್ತದೆ, ಮೆದು ದಂಡ ತಿರಸ್ಕಾರಕ್ಕೆ ಗುರಿಯಾಗುತ್ತದೆ, ತಕ್ಕ ದಂಡಕ್ಕೆ ಗೌರವ ಸಿಗುತ್ತದೆ ಎಂದು ಆತ ಹೇಳಿದ್ದು ನಿಜ. ಆದರೆ ತಕ್ಕದ್ದು ಎಷ್ಟು ಎಂಬುದೇ ಪ್ರಶ್ನೆಯಾಗಿರುವಾಗ ಆ ಮಾತಿನಿಂದ ಹೆಚ್ಚೇನೂ ಹುಟ್ಟುವುದಿಲ್ಲ. ಶಿಕ್ಷೆ ಅಪರಾಧಿಯ ಹಕ್ಕು ಎಂದ ಜರ್ಮನ್ ದಾರ್ಶನಿಕರೂ ಇಲ್ಲಿ ಕೈಹಿಡಿಯುವುದಿಲ್ಲ. ನಿಜವಾಗಿ ಎದುರಿಸಬೇಕಾದವನು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್. ಮುಂದೆ 1992ರಲ್ಲಿ ನೊಬೆಲ್ ಪಡೆದ ಈತ 1968ರಲ್ಲಿ ಅಪರಾಧ ಮತ್ತು ಶಿಕ್ಷೆಯ ಮೇಲೆ ಒಂದು ಪ್ರಬಂಧ ಬರೆದ. ವಿದ್ಯಾರ್ಥಿಯೊಬ್ಬನ ಪರೀಕ್ಷೆಗೆ ತಡವಾದಾಗ, ಕಾರನ್ನು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದರೆ ಸಿಕ್ಕಿಬೀಳುವ ಸಾಧ್ಯತೆ ಎಷ್ಟು, ದಂಡ ಎಷ್ಟು ಎಂದು ಲೆಕ್ಕ ಹಾಕುತ್ತ ಅವನಿಗೆ ಆ ಯೋಚನೆ ಹೊಳೆಯಿತಂತೆ. ಅವನ ವಾದ ಸರಳ, ಆದ್ದರಿಂದಲೇ ಬಲವಾದದ್ದು. ತಪ್ಪಿನಿಂದಾದ ಹಾನಿ 100 ರೂಪಾಯಿ, ಸಿಕ್ಕಿಬೀಳುವ ಸಾಧ್ಯತೆ ಹತ್ತರಲ್ಲೊಂದು ಎಂದಾದರೆ ದಂಡ 1,000 ಇರಬೇಕು. ಇಲ್ಲದಿದ್ದರೆ ತಪ್ಪು ಮಾಡುವುದೇ ಲಾಭ. ಎಲ್ಲರನ್ನೂ ಹಿಡಿಯಲು ಪೊಲೀಸರು, ಅಧಿಕಾರಿಗಳು, ಸಂಬಳ ಬೇಕು. ದಂಡ ಏರಿಸಲು ಶಾಯಿಯಷ್ಟೇ ಸಾಕು. ಹಾಗಿರುವಾಗ ಹಿಡಿಯುವ ಖರ್ಚನ್ನು ಇಳಿಸಿ ದಂಡವನ್ನು ಏರಿಸುವುದೇ ಜಾಣತನ. ಪೇಟೆಯಲ್ಲಿ ಚಪ್ಪಾಳೆ ತಟ್ಟುವವರು ಬೆಕರ್‌ನ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವರ ಬಾಯಲ್ಲಿರುವುದು ಅವನದೇ ವಾದ.

ಈ ವಾದದ ಮೊದಲ ಬಿರುಕು ಅದರ ಒಳಗೇ ಇದೆ. ತಪ್ಪಿತಸ್ಥನ ಹತ್ತಿರ ಇರುವ ಆಸ್ತಿಯಷ್ಟಕ್ಕೇ ದಂಡದ ಭಯ ನಿಂತುಹೋಗುತ್ತದೆ. 7,500 ಕೋಟಿ ಕಂಡವನಿಗೆ 20,000 ಕೋಟಿಯೂ ಒಂದೇ, ಎರಡು ಲಕ್ಷ ಕೋಟಿಯೂ ಒಂದೇ. ಸಣ್ಣ ತಪ್ಪಿಗೇ ಕಂಪನಿ ಮುಳುಗುವುದಾದರೆ ದೊಡ್ಡ ತಪ್ಪು ಮಾಡದಿರಲು ಅದಕ್ಕೆ ಕಾರಣವೇ ಉಳಿಯುವುದಿಲ್ಲ. ಗೂಗಲ್‌ನ ರಷ್ಯಾ ಘಟಕ ಬ್ಯಾಂಕ್ ಖಾತೆ ಮುಟ್ಟುಗೋಲಾದ ಮೇಲೆ 2022ರಲ್ಲೇ ದಿವಾಳಿ ಅರ್ಜಿ ಹಾಕಿಕೊಂಡಿತು. ಅದರಾಚೆ ಬೆಳೆದ ಸೊನ್ನೆಗಳೆಲ್ಲ ಯಾರನ್ನೂ ಮುಟ್ಟಲಿಲ್ಲ. ಎರಡನೆಯ ಬಿರುಕು ಇನ್ನೂ ಆಳದ್ದು. ದಂಡದ ಮೊತ್ತ, ಅದು ನಿಜವಾಗಿ ಬೀಳುವ ಸಾಧ್ಯತೆ, ಇವೆರಡನ್ನೂ ಬೇರೆ ಬೇರೆಯಾಗಿ ತಿರುಗಿಸಬಹುದು ಎಂದು ಬೆಕರ್ ಭಾವಿಸಿದ. ಆದರೆ ಅವು ಒಂದೇ ತಕ್ಕಡಿಯ ಎರಡು ತಟ್ಟೆಗಳು: ಒಂದು ಮೇಲೇರಿದರೆ ಇನ್ನೊಂದು ಕೆಳಗಿಳಿಯುತ್ತದೆ. ಬೆಂಗಳೂರಿನ ಸಂಚಾರ ದಂಡದ ಕಥೆಯೇ ಇದಕ್ಕೆ ಸಾಕ್ಷಿ. 2019ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಿಂದ ದಂಡಗಳು ಹಲವು ಪಟ್ಟು ಏರಿದವು, ಜನ ಸಿಡಿದೆದ್ದರು, ತಿಂಗಳು ಮುಗಿಯುವ ಮೊದಲೇ ರಾಜ್ಯ ಸರ್ಕಾರ ಹಲವನ್ನು ಇಳಿಸಿತು, ಹೆಲ್ಮೆಟ್ ಇಲ್ಲದ್ದಕ್ಕೆ ಇದ್ದ 1,000 ರೂಪಾಯಿ 500 ಆಯಿತು. ಆಮೇಲೆ ವೃತ್ತ ವೃತ್ತದಲ್ಲೂ ಕ್ಯಾಮೆರಾ ಬಂದವು. ಬೆಕರ್‌ನ ಲೆಕ್ಕದಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೀಗೆ ಏರಿದ ಮೇಲೆ ಸಮಸ್ಯೆ ಬಹುಪಾಲು ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಾಕಿ ಗುಡ್ಡೆಯಾಯಿತು. 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಎಂದು ಸಾರಿದಾಗ ಜನ ಸಾಲುಗಟ್ಟಿ, ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಮೀರಿ ಕಟ್ಟಿದರು. 2025ರಲ್ಲಿ ಮತ್ತೆ ಅದೇ ರಿಯಾಯಿತಿ. ರಿಯಾಯಿತಿ ಬಂದೇ ಬರುತ್ತದೆಂದು ಗೊತ್ತಿರುವ ಊರಿನಲ್ಲಿ ಪೂರ್ತಿ ದಂಡ ಎಂಬುದು ಚೌಕಾಸಿಗೆ ಮೊದಲು ಹೇಳುವ ರೇಟು.

ಇಷ್ಟಕ್ಕೇ ಬೆಕರ್ ಸೋತನೆಂದು ಕೈತೊಳೆದುಕೊಳ್ಳುವಂತಿಲ್ಲ. ಅವನ ಪರವಾಗಿರುವ ಸಾಕ್ಷ್ಯ ಕಣ್ಣಿಗೆ ರಾಚುವಂಥದ್ದು. 2019ರ ಜುಲೈನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಬಳಕೆದಾರರ ಖಾಸಗಿತನದ ವಿಷಯದಲ್ಲಿ ಫೇಸ್‌ಬುಕ್ಕಿಗೆ 500 ಕೋಟಿ ಡಾಲರ್ ದಂಡ ಹಾಕಿತು. ಆ ಸುದ್ದಿ ಹೊರಬಿದ್ದ ದಿನ ಕಂಪನಿಯ ಷೇರು ಏರಿತು. ನಮ್ಮ ಕಣ್ಣಿಗೆ ಅಸಂಬದ್ಧವಾಗಿ ಕಂಡ ಮೊತ್ತ ಷೇರುಪೇಟೆಗೆ ಸೋವಿ ಅನ್ನಿಸಿತ್ತು. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಷಯಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದಾಗ ಇಲ್ಲಿ ಭಾರೀ ಸುದ್ದಿಯಾಯಿತು. ಗೂಗಲ್‌ಗೆ ಅದು ಎರಡು ಮೂರು ದಿನದ ಲಾಭವೂ ಅಲ್ಲ. ಆದ್ದರಿಂದ ನಾನು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಹೊರಗಿನವರಿಗೆ ದೊಡ್ಡದಾಗಿ ಕಾಣುವುದು ಬೇರೆ, ಕಟ್ಟುವವನ ಶಕ್ತಿಗೆ ಮೀರಿದ್ದು ಬೇರೆ. ನನ್ನ ಜಗಳ ಎರಡನೆಯದರ ಜೊತೆಗೆ ಮಾತ್ರ. ಆದರೂ ಒಂದು ಮಾತು: ಆ ಗೂಗಲ್ ಪ್ರಕರಣದಲ್ಲಿ ಫೋನಿನ ಒಳಗೆ ಬದಲಾವಣೆ ತಂದದ್ದು ದಂಡವಲ್ಲ. ಜೊತೆಗಿದ್ದ ನಿರ್ದೇಶನಗಳನ್ನು ತಡೆಯಲು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಒಪ್ಪದ ಮೇಲೆಯೇ, ಸರ್ಚ್ ಎಂಜಿನ್ ಆರಿಸಿಕೊಳ್ಳುವ ಅವಕಾಶವೂ ಸೇರಿ ಹಲವು ಬದಲಾವಣೆಗಳನ್ನು ಕಂಪನಿ ಪ್ರಕಟಿಸಿತು.

ಹಾಗಾದರೆ ಕಟ್ಟುವವನ ಶಕ್ತಿಯನ್ನು ಅಳೆಯುವುದು ಹೇಗೆ? ನಮ್ಮ ಸುಪ್ರೀಂ ಕೋರ್ಟ್ 2017ರ ಎಕ್ಸೆಲ್ ಕ್ರಾಪ್ ಕೇರ್ ತೀರ್ಪಿನಲ್ಲಿ, ತಪ್ಪು ನಡೆದ ಸರಕಿನ ವಹಿವಾಟಿನ ಮೇಲಷ್ಟೇ ದಂಡ ಲೆಕ್ಕ ಹಾಕಬೇಕು ಎಂದಿತು. ನ್ಯಾಯವಾದ ಮಾತು. ಆದರೆ ಸೇವೆಯನ್ನು ಪುಕ್ಕಟೆ ಕೊಟ್ಟು ದುಡ್ಡನ್ನು ಮತ್ತೆಲ್ಲೋ ಮಾಡುವ ಕಂಪನಿಗೆ ಇದು ದೊಡ್ಡ ಕಿಂಡಿ. ಸ್ಪರ್ಧಾ ಕಾಯ್ದೆಯ 2023ರ ತಿದ್ದುಪಡಿ ಆ ಕಿಂಡಿಯನ್ನು ಮುಚ್ಚಿ, ಜಗತ್ತಿನಾದ್ಯಂತದ ಒಟ್ಟು ವಹಿವಾಟಿನ ಮೇಲೆ ಶೇ 10ರವರೆಗೆ ದಂಡ ಹಾಕಲು ದಾರಿ ಮಾಡಿತು. ಅದನ್ನು ಪ್ರಶ್ನಿಸಿ 2025ರಲ್ಲಿ ಆಪಲ್ ದೆಹಲಿ ಹೈಕೋರ್ಟಿಗೆ ಹೋಯಿತು. ಮೊದಲ ಅಳತೆಯಲ್ಲಿ ದಂಡ ಚಿಲ್ಲರೆಯಾಗುತ್ತದೆ, ಎರಡನೆಯದರಲ್ಲಿ ಚನ್ನಪಟ್ಟಣದಲ್ಲಿ ಮಾಡಿದ ತಪ್ಪಿಗೆ ಕ್ಯಾಲಿಫೋರ್ನಿಯಾದ ಗಳಿಕೆಯನ್ನು ಎಣಿಸಿದಂತಾಗುತ್ತದೆ. ಇನ್ನೂ ಕಷ್ಟವೆಂದರೆ, ಯಾವ ಅಳತೆ ಹಿಡಿದರೂ ಅಂಕಿಗಳು ಇರುವುದು ಕಂಪನಿಯ ಕೈಯಲ್ಲೇ. ಗೂಗಲ್ ಒದಗಿಸಿದ ಆದಾಯದ ವಿವರಗಳಲ್ಲಿ ಎದ್ದು ಕಾಣುವ ಅಸಂಗತಿಗಳಿವೆ ಎಂದು ಸ್ಪರ್ಧಾ ಆಯೋಗವೇ ಬರೆಯಬೇಕಾಯಿತು. ಲೆಕ್ಕ ತೋರಿಸದವನಿಂದ ಲೆಕ್ಕ ಹೊರಡಿಸಬೇಕಾದರೆ ಹೆದರಿಸುವಂಥ ಮೊತ್ತವನ್ನು ಮೊದಲು ಬರೆಯುವುದೊಂದೇ ದಾರಿ ಎಂದು ಅಧಿಕಾರಿಯೊಬ್ಬ ಹೇಳಿದರೆ, ಅವನನ್ನು ಸುಮ್ಮನೆ ತಳ್ಳಿಹಾಕಲು ನನಗೆ ಆಗುವುದಿಲ್ಲ.

ಆದರೆ ಹಾಗೆ ಬರೆದ ಮೊತ್ತ ಯಾರ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನೂ ನೋಡಬೇಕು. 2024ರ ಜುಲೈ ಕೊನೆಯಲ್ಲಿ ಇನ್ಫೊಸಿಸ್‌ಗೆ 32,403 ಕೋಟಿ ರೂಪಾಯಿಯ ಜಿಎಸ್‌ಟಿ ಪೂರ್ವಭಾವಿ ನೋಟಿಸ್ ಬಂತು. ಮರುದಿನವೇ ರಾಜ್ಯದ ಅಧಿಕಾರಿಗಳು ತಮ್ಮ ನೋಟಿಸ್ ಹಿಂದೆ ಪಡೆದರು. 2025ರ ಜೂನ್ ಹೊತ್ತಿಗೆ ಕೇಂದ್ರದ ಮಹಾನಿರ್ದೇಶನಾಲಯವೂ ಪ್ರಕರಣವನ್ನು ಮುಗಿಸಿತು. ಅದರ ಮುಂದಿನ ತಿಂಗಳಲ್ಲೇ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸಿತು. ಖಾತೆಗೆ ಬಂದದ್ದೆಲ್ಲ ವಹಿವಾಟು ಎಂಬ ಲೆಕ್ಕ. ಹಾವೇರಿಯ ಒಂದು ತರಕಾರಿ ಅಂಗಡಿಗೆ 29 ಲಕ್ಷ ರೂಪಾಯಿ, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲದಿದ್ದರೂ. ಇಲಾಖೆಯ ಉದ್ದೇಶ ಅದೇ: ಬಂದು ಲೆಕ್ಕ ತೋರಿಸಲಿ ಎಂದು. ಇನ್ಫೊಸಿಸ್ ಲೆಕ್ಕ ತೋರಿಸಿತು. ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದರು. ಕೊನೆಗೆ ಮುಷ್ಕರದ ಕರೆ, ಮುಖ್ಯಮಂತ್ರಿಯ ಸಭೆ, ಹಳೆಯ ಬಾಕಿ ಕೇಳುವುದಿಲ್ಲವೆಂಬ ಭರವಸೆ. ಎರಡೂ ಕಡೆ ಮೊತ್ತ ಕರಗಿತು. ಒಂದು ಕಡೆ ವಕೀಲರು ಮತ್ತು ದಾಖಲೆಗಳಿಂದ, ಇನ್ನೊಂದು ಕಡೆ ಒಗ್ಗಟ್ಟು ಮತ್ತು ಮತಗಳಿಂದ. ಎರಡೂ ಇಲ್ಲದ ಒಂಟಿ ವ್ಯಾಪಾರಿಯ ಮೇಲೆ ಮಾತ್ರ ಅದು ಪೂರ್ತಿ ಭಾರದಿಂದ ಕೂರುತ್ತದೆ. ದೊಡ್ಡವರಿಗೆ ಬುದ್ಧಿ ಕಲಿಸಲೆಂದು ನಾವು ಒಪ್ಪಿಕೊಳ್ಳುವ ಪದ್ಧತಿ ನಿಜವಾಗಿ ಬಗ್ಗಿಸುವುದು ಸಣ್ಣವರನ್ನು. ಪೇಟೆಯ ಚಪ್ಪಾಳೆಗೆ ನನ್ನ ನೇರ ಉತ್ತರ ಇದು.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ರಮ್ಮಿಯ ಕಥೆ ಮುಂದೆ ಹಿಡಿದ ದಾರಿ ಅದಕ್ಕೆ ಬಿಡುವುದಿಲ್ಲ. ಕಟ್ಟಲಾಗದ ದಂಡವೆಂದರೆ ವೇಷ ಮರೆಸಿದ ನಿಷೇಧ; ವ್ಯಾಪಾರ ಬೇಡವೆನ್ನಿಸಿದರೆ ಬೇಡವೆಂದು ಬಾಯಿಬಿಟ್ಟು ಹೇಳುವ ಪ್ರಾಮಾಣಿಕತೆ ಇರಲಿ ಎಂದು ನನ್ನ ವಾದದಿಂದ ಸಹಜವಾಗಿ ಹೊರಡುತ್ತದೆ. ಸರ್ಕಾರ ಹಾಗೆಯೇ ಹೇಳಿತು. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಯ ಅಂಕಿತ: ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳು ದೇಶದಲ್ಲೇ ನಿಷೇಧ. ಸೊನ್ನೆಗಳ ಆಟ ಇಲ್ಲ, ಚೌಕಾಸಿ ಇಲ್ಲ, ವೇಷವಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆದರೆ 20,989 ಕೋಟಿಯ ಆ ಅಸಂಬದ್ಧ ನೋಟಿಸು ಎಂಟು ತಿಂಗಳು ಹೈಕೋರ್ಟಿನಲ್ಲಿ ನಿಂತು ತನ್ನನ್ನು ತಾನು ಸಮರ್ಥಿಸಿಕೊಳ್ಳಬೇಕಾಗಿತ್ತು. ಕೌಶಲವೆಂದರೇನು, ಜೂಜೆಂದರೇನು ಎಂದು ನ್ಯಾಯಾಧೀಶರು ಪುಟಗಟ್ಟಲೆ ಬರೆಯಬೇಕಾಯಿತು. ನೇರ ನಿಷೇಧ ಎರಡೇ ದಿನಗಳಲ್ಲಿ ಎರಡೂ ಸದನ ದಾಟಿತು. ಅದೂ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿ ಸುಪ್ರೀಂ ಕೋರ್ಟಿಗೆ ವರ್ಗವಾದದ್ದು ನಿಜ, ಆದರೆ ಅಷ್ಟರಲ್ಲಿ ಕಂಪನಿಗಳು ಆಟ ನಿಲ್ಲಿಸಿಯಾಗಿತ್ತು. ಹಾಗಾಗಿ ಉತ್ಪ್ರೇಕ್ಷೆಯ ದಂಡಕ್ಕೂ ಒಂದು ಗುಣವಿದೆ ಎಂದು ನಾನು ಒಪ್ಪಬೇಕಾಗುತ್ತದೆ: ಎಷ್ಟು, ಯಾಕೆ ಎಂದು ಕೇಳಲು ಅದು ಎದುರಾಳಿಗೆ ಒಂದು ಅಂಕಿಯನ್ನಾದರೂ ಕೊಡುತ್ತದೆ. ಕಟ್ಟಲಾಗದ ದಂಡದ ವಿರುದ್ಧ ನನ್ನ ಆಕ್ಷೇಪವನ್ನು ನಾನು ಹಿಂದೆ ಪಡೆಯುತ್ತಿಲ್ಲ. ಅದರ ಹೊರೆ ಸಣ್ಣವರಿಗೆ ಹೋಗುತ್ತದೆ ಎಂಬುದನ್ನಂತೂ ಬಿಡಲಾರೆ. ಆದರೆ ಅದನ್ನು ತೆಗೆದುಹಾಕಿದ ಜಾಗದಲ್ಲಿ ಸರ್ಕಾರ ಏನನ್ನು ತಂದಿಡುತ್ತದೆ ಎಂದು ಕೇಳದೆ ಆ ಆಕ್ಷೇಪವನ್ನು ಮುಂದಿಡುವುದು ಎಷ್ಟು ಸರಿ ಎಂಬುದು ಈಗ ನನಗೇ ಖಚಿತವಿಲ್ಲ.