ಆಡದ ಮಾತಿನ ಪಾಪ

ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸದೊಡನೆ ಮೌನವನ್ನೂ ಕೈಕೊಳ್ಳುವ ಶ್ರಾವಕ ಶ್ರಾವಿಕೆಯರು ಅನೇಕರು. ನುಡಿಯನ್ನು ತಡೆದರೆ ಕಷಾಯಗಳು ತಗ್ಗುವುವೆಂಬುದು ಅದರ ಆಶಯ. ಆದರೆ ಮೌನವೆಲ್ಲವೂ ವ್ರತವೇ? ಒಬ್ಬರು ಬಾಯಿ ತೆರೆಯದಿರುವುದರಿಂದ ಮತ್ತೊಬ್ಬನ ಮೇಲೆ ಕೊಲೆಯ ಆರೋಪ ಬೀಳುವುದಾದರೆ, ಆ ಮೌನ ಸತ್ಯಾಣುವ್ರತಕ್ಕೆ ಒಪ್ಪುವುದೇ?

1929ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ‘ಬ್ಲ್ಯಾಕ್‌ಮೇಲ್’ ಚಿತ್ರ ಈ ಪ್ರಶ್ನೆಯನ್ನೇ ಮುಂದಿಡುತ್ತದೆ. ಮೂಕಚಿತ್ರಗಳ ಯುಗ ಮುಗಿಯುತ್ತಿದ್ದ ಕಾಲವದು. ಚಿತ್ರವು ಮೂಕ, ವಾಕ್ ಎರಡು ರೂಪಗಳಲ್ಲಿಯೂ ತೆರೆಕಂಡಿತು. ಲಂಡನ್ನಿನ ಅಂಗಡಿಕಾರನ ಮಗಳು ಆಲಿಸ್, ಚಿತ್ರಕಾರನೊಬ್ಬನು ಬಲಾತ್ಕಾರಕ್ಕೆ ತೊಡಗಿದಾಗ, ಕೈಗೆ ಸಿಕ್ಕ ಬ್ರೆಡ್ ಕೊಯ್ಯುವ ಚೂರಿಯಿಂದ ಅವನನ್ನು ಇರಿದು ಕೊಲ್ಲುತ್ತಾಳೆ. ಅಲ್ಲಿ ದೊರೆತ ಅವಳ ಒಂದು ಕೈಗವಸನ್ನು, ಅವಳನ್ನು ವರಿಸಲಿದ್ದ ಪತ್ತೇದಾರ ಫ್ರಾಂಕ್ ಬಚ್ಚಿಡುತ್ತಾನೆ. ಇನ್ನೊಂದು ಟ್ರೇಸಿ ಎಂಬ ಹಳೆಯ ಅಪರಾಧಿಗೆ ಸಿಕ್ಕಿ, ಅವನು ಇಬ್ಬರನ್ನೂ ಬೆದರಿಸುತ್ತಾನೆ. ಆದರೆ ಪೋಲೀಸರ ಸಂಶಯ ಟ್ರೇಸಿಯ ಮೇಲೆಯೇ ತಿರುಗುತ್ತದೆ. ಓಡಿದ ಅವನು ಬ್ರಿಟಿಷ್ ಮ್ಯೂಸಿಯಂನ ಗುಮ್ಮಟವನ್ನೇರಿ, ಗಾಜು ಒಡೆದು, ಕೆಳಗೆ ಬಿದ್ದು ಸಾಯುತ್ತಾನೆ. ತಪ್ಪೊಪ್ಪಿಕೊಳ್ಳಲು ಆಲಿಸ್ ಪೋಲೀಸ್ ಕಚೇರಿಗೆ ಬರುತ್ತಾಳೆ. ಅಷ್ಟರಲ್ಲಿ ಅಧಿಕಾರಿಯ ಟೆಲಿಫೋನ್ ಮೊಳಗುತ್ತದೆ. ಫ್ರಾಂಕ್ ಅವಳನ್ನು ಹೊರಗೆ ಕರೆದೊಯ್ಯುತ್ತಾನೆ.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಗೃಹಸ್ಥನು ಪೂರ್ಣವಾಗಿ ತೊರೆಯಬೇಕಾದುದು ಮೊದಲನೆಯದನ್ನು. ಶೀಲರಕ್ಷಣೆಗಾಗಿ ನಡೆದ ಆಲಿಸಳ ಕೃತ್ಯ ವಿರೋಧೀ ಹಿಂಸೆ. ಅದರಿಂದಲೂ ಕರ್ಮಬಂಧವುಂಟು, ಆದರೂ ಅವಳ ದೊಡ್ಡ ದೋಷ ಚೂರಿಯಲ್ಲಿಲ್ಲ, ಅನಂತರದ ಮೌನದಲ್ಲಿದೆ. ತತ್ತ್ವಾರ್ಥಸೂತ್ರವು ಸತ್ಯವ್ರತದ ಭಾವನೆಗಳಲ್ಲಿ ಕ್ರೋಧ, ಲೋಭ, ಹಾಸ್ಯಗಳ ಜೊತೆಗೆ ಭಯದ ತ್ಯಾಗವನ್ನೂ ಎಣಿಸಿದೆ. ಸುಳ್ಳಾಡಿಸುವುದು ಭಯ, ಆಡಬೇಕಾದುದನ್ನು ನುಂಗಿಸುವುದೂ ಭಯವೇ.

ಪರರಿಗೆ ವಿಪತ್ತು ತರುವ ಸತ್ಯವನ್ನೂ ಶ್ರಾವಕನು ನುಡಿಯಲಾಗದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವರಲ್ಲವೇ ಎಂದು ಫ್ರಾಂಕನ ಪರವಾಗಿ ಕೇಳಬಹುದು. ಆದರೆ ಆ ನಿಯಮದ ಮೂಲ ಕರುಣೆ. ಫ್ರಾಂಕನ ಮೌನವು ವಿಪತ್ತನ್ನು ತಪ್ಪಿಸಲಿಲ್ಲ. ತನ್ನವಳ ತಲೆಯಿಂದ ಇಳಿಸಿ ಅನ್ಯನ ತಲೆಗೆ ಹೊರಿಸಿತು. ಅದು ರಾಗ, ಕರುಣೆಯಲ್ಲ. ಟ್ರೇಸಿ ದುರ್ಜನನೆಂಬುದೂ ಸಮಾಧಾನವಾಗದು. ಅವನು ತನ್ನ ಲೋಭಕ್ಕೆ ಉತ್ತರವಾದಿ, ಮಾಡದ ಕೊಲೆಗಲ್ಲ.

ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಗುರುವಿನ ಮುಂದೆ ದೋಷವನ್ನು ಮುಚ್ಚದೆ ಹೇಳುವುದು. ಅದರ ಹತ್ತು ದೋಷಗಳಲ್ಲಿ ಶಬ್ದಾಕುಲಿತವೆಂಬುದು ಒಂದು: ಗದ್ದಲದ ನಡುವೆ, ಗುರುವಿಗೆ ಕೇಳಿಸದಂತೆ ತಪ್ಪನ್ನು ಹೇಳಿ ಮುಗಿಸುವುದು. ಆಲಿಸಳಿಗೆ ಹೇಳುವ ಮನಸ್ಸಿತ್ತು. ಟೆಲಿಫೋನಿನ ಸದ್ದು ಬಿಡುಗಡೆಯ ದಾರಿ ತೋರಿತು. ಅವಳು ಹಿಂದಿರುಗಿ ಬಂದು ಹೇಳಲಿಲ್ಲ.

ಮನೆಗಳಲ್ಲಿಯೂ ಹೀಗೆಯೇ. ಕಳೆದ ಒಡವೆಗಾಗಿ ಕೆಲಸದವಳು ಬೈಸಿಕೊಳ್ಳುತ್ತಾಳೆ. ಒಡವೆ ಎಲ್ಲಿ ಹೋಯಿತೆಂದು ಬಲ್ಲವರು ಉಪವಾಸದಲ್ಲಿ ಮೌನವಾಗಿ ಕುಳಿತಿರುತ್ತಾರೆ. ಅಂಥ ಮೌನವನ್ನು ಮುರಿದು ನಿಜವನ್ನು ಹೇಳಿದ ಬಳಿಕವೇ ಅಂದಿನ ಪ್ರತಿಕ್ರಮಣಕ್ಕೆ ಅರ್ಥ.