ಇಂದಿನ ಧಮ್ಮ ಚಿಂತನೆ: ಚೂಳಪಂಥಕನ ಕೈಯಲ್ಲಿದ್ದ ಬಟ್ಟೆ



ಬಂಧುಗಳೇ,

ನಾನು ಚಿಕ್ಕವನಿದ್ದಾಗ ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು: “ಬಾಬಾಸಾಹೇಬರು ದಿನಕ್ಕೆ 18 ಗಂಟೆ ಓದ್ತಿದ್ರು. ನೀನು?” ನನಗೆ 18 ನಿಮಿಷ ಕೂರುವುದೂ ಆಗುತ್ತಿರಲಿಲ್ಲ. ಕಣ್ಣು ಪುಟದ ಮೇಲೆ, ಮನಸ್ಸು ಊರೆಲ್ಲ. ಹಾಗೂ ಹೀಗೂ ಕನ್ನಡ ಎಂ.ಎ. ಮುಗಿಸಿ ಮೇಷ್ಟ್ರಾದೆ. ನಲವತ್ತು ದಾಟಿದ ಮೇಲೆ ಮಗನನ್ನು ವೈದ್ಯರಿಗೆ ತೋರಿಸಲು ಹೋಗಿದ್ದೆ. ಅವನ ಬಗ್ಗೆ ಅವರು ಕೇಳಿದ ಒಂದೊಂದು ಪ್ರಶ್ನೆಯೂ ನನ್ನನ್ನೇ ಕೇಳಿದಂತಿತ್ತು. ಆಮೇಲೆ ನನ್ನ ತಪಾಸಣೆಯೂ ಆಯಿತು. ಇಬ್ಬರಿಗೂ ಎ.ಡಿ.ಎಚ್.ಡಿ. ಅಂದರೆ, ಗಮನವನ್ನು ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲಿಸಲು ಮಿದುಳಿಗೆ ಕಷ್ಟ.

ಇದನ್ನು ನಮ್ಮ ಬಳಗದಲ್ಲಿ ಇವತ್ತಿನವರೆಗೆ ಹೇಳಿರಲಿಲ್ಲ. ‘ನಿಮ್ಮೋರಿಗೆ ವಿದ್ಯೆ ಹತ್ತಲ್ಲ’ ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ? ನನಗೆ ಕಲಿಯುವುದು ಕಷ್ಟ ಎಂದರೆ ಆ ಮಾತಿಗೆ ನಾನೇ ಸಾಕ್ಷಿ ಹೇಳಿದಂತಾಗುತ್ತದೆ ಎಂಬ ಭಯ ನನಗಿತ್ತು.

ಆ ಭಯದಿಂದ ಒಬ್ಬರಿಗೆ ನೋವು ಮಾಡಿದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಭಾನುವಾರ ನಾವು ‘ಬುದ್ಧ ಮತ್ತು ಆತನ ಧಮ್ಮ’ವನ್ನು ಸರದಿಯಲ್ಲಿ ಓದುತ್ತೇವಲ್ಲ, ಗಾರೆ ಕೆಲಸದ ನಮ್ಮ ಅಣ್ಣ ಒಬ್ಬರು ತಮ್ಮ ಸರದಿ ಬರುವ ಹೊತ್ತಿಗೆ ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ಒಂದು ದಿನ ನಾನು ಎಲ್ಲರ ಮುಂದೆ, “ಮನೇಲಿ ಸ್ವಲ್ಪ ಪ್ರಾಕ್ಟೀಸ್ ಮಾಡ್ಕೊಂಡು ಬನ್ನಿ ಅಣ್ಣ” ಅಂದುಬಿಟ್ಟೆ. ಮುಂದಿನ ವಾರದಿಂದ ಅವರು ಬರಲಿಲ್ಲ. ಮನೆಗೆ ಹೋಗಿ ಕೇಳಿದಾಗ ಹೇಳಿದರು: “ಒತ್ತಕ್ಷರ ಬಂದ್ರೆ ನಿಂತುಬಿಡ್ತೀನಿ ಮೇಷ್ಟ್ರೇ. ಒಂದು ಸಾಲು ಮುಗಿಸೋದ್ರಲ್ಲಿ ಮುಂದಿನ ಸಾಲು ಯಾವುದು ಅಂತ ತಪ್ಪಿಹೋಗುತ್ತೆ. ಶಾಲೇಲೂ ಹಿಂಗೇ ಆಗ್ತಿತ್ತು. ಏಳನೇ ಕ್ಲಾಸಿಗೇ ಬಿಟ್ಟೆ.”

ಅಂದು ರಾತ್ರಿ ಚೂಳಪಂಥಕನ ನೆನಪಾಯಿತು. ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಭಿಕ್ಕು. ತಾಯಿ ರಾಜಗೃಹದ ಶ್ರೀಮಂತರ ಮಗಳು, ತಂದೆ ಆ ಮನೆಯ ಆಳು. ಊರು ಬಿಟ್ಟು ಹೋದ ಅವರಿಗೆ ಮಕ್ಕಳು ಹುಟ್ಟಿದ್ದು ದಾರಿಯಲ್ಲಿ. ಅದಕ್ಕೇ ‘ಪಂಥಕ’ ಎಂಬ ಹೆಸರು. ಅಣ್ಣ ಮಹಾಪಂಥಕ ದೊಡ್ಡ ಜ್ಞಾನಿ. ತಮ್ಮನಿಗೆ ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಗೆ ಬರಲಿಲ್ಲ. ಮುಂದಿನ ಸಾಲು ಕಲಿತರೆ ಹಿಂದಿನದು ಮರೆತುಹೋಗುತ್ತಿತ್ತು. ಅಣ್ಣನೇ ಅವನನ್ನು ವಿಹಾರ ಬಿಟ್ಟು ಹೋಗು ಎಂದ.

ಬೆಳಗಿನ ಜಾವ ಹೊರಟವನನ್ನು ಬಾಗಿಲಲ್ಲಿ ತಡೆದದ್ದು ಬುದ್ಧ. ಇನ್ನೊಂದು ಸಲ ಬಾಯಿಪಾಠ ಮಾಡು ಎನ್ನಲಿಲ್ಲ. ಒಂದು ಶುಭ್ರವಾದ ಬಟ್ಟೆ ಕೊಟ್ಟು, ಕೊಳೆ ತೆಗೆಯುವುದು ಎಂಬ ಅರ್ಥದ ಒಂದೇ ಪದ ಹೇಳುತ್ತಾ ಅದನ್ನು ಉಜ್ಜು ಎಂದ. ಉಜ್ಜುತ್ತಾ ಉಜ್ಜುತ್ತಾ ಬಟ್ಟೆ ಕೊಳೆಯಾಯಿತು. ಅದನ್ನು ನೋಡಿ ಚೂಳಪಂಥಕನಿಗೆ ಅನಿತ್ಯ ಅರ್ಥವಾಯಿತು. ಬಾಯಿಪಾಠದಿಂದ ಒಳಗೆ ಹೋಗದ್ದು ಕೈಯಿಂದ ಹೋಯಿತು. ಇದಕ್ಕೆ ಅಟ್ಠಕಥೆ ಪೂರ್ವಜನ್ಮದ ಕರ್ಮದ ಕಾರಣ ಕೊಡುತ್ತದೆ. ಬಾಬಾಸಾಹೇಬರು ತಿರಸ್ಕರಿಸಿದ ವಾದ ಅದು, ನಮಗೂ ಬೇಡ. ‘ಹಿಂದಿನ ಜನ್ಮದ ಪಾಪ’ ಎನ್ನುವುದೂ ‘ಸೋಮಾರಿ’ ಎನ್ನುವುದೂ ತಪ್ಪನ್ನು ಕಲಿಯುವವನ ತಲೆಗೇ ಕಟ್ಟುತ್ತವೆ.

ಹಾಗಾದರೆ ಪ್ರಯತ್ನಕ್ಕೆ ಬೆಲೆ ಇಲ್ಲವೇ? ಇದೆ. ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಯಾಮ ಇದ್ದೇ ಇದೆ. ಆದರೆ ‘ಸಮ್ಮಾ’ ಎಂದರೆ ಸರಿಯಾದದ್ದು, ಹೆಚ್ಚಿನದು ಎಂದು ಅರ್ಥವಲ್ಲ. ಕಾಲಿನಲ್ಲಿ ರಕ್ತ ಬರುವವರೆಗೆ ನಡೆದು ಸಾಧನೆ ಮಾಡಿದ ಸೋಣನಿಗೆ ಬುದ್ಧ ವೀಣೆಯ ತಂತಿಯ ಉದಾಹರಣೆ ಕೊಟ್ಟ: ಬಿಗಿಯಾದರೂ ಸ್ವರ ಬರದು, ಸಡಿಲವಾದರೂ ಬರದು. ತಂತಿ ಎಷ್ಟು ಬಿಗಿಯಬೇಕೆಂದು ತಿಳಿಯಲು ಮೊದಲು ನಮ್ಮ ವೀಣೆ ನಮಗೆ ಗೊತ್ತಿರಬೇಕು.

ನನ್ನ ವೀಣೆಗೆ ಹೊಂದಿದ್ದನ್ನು ಹೇಳುತ್ತೇನೆ. ಹತ್ತು ನಿಮಿಷಕ್ಕೆ ಅಲಾರಂ ಇಟ್ಟು ಓದುತ್ತೇನೆ, ಆಮೇಲೆ ಎದ್ದು ಓಡಾಡುತ್ತೇನೆ. ಓದುವ ಸಾಲಿನ ಕೆಳಗೆ ಸ್ಕೇಲು ಇಟ್ಟು, ಉಳಿದದ್ದನ್ನು ಬಿಳಿ ಹಾಳೆಯಿಂದ ಮುಚ್ಚುತ್ತೇನೆ. ಕಷ್ಟದ ಭಾಗವನ್ನು ಮೊಬೈಲಿನಲ್ಲಿ ನಾನೇ ಓದಿ ರೆಕಾರ್ಡ್ ಮಾಡಿ, ನಡೆಯುತ್ತಾ ಕೇಳುತ್ತೇನೆ. ಭಿಕ್ಕುಗಳ ಚಂಕಮಣವೂ ನಡಿಗೆಯೇ ತಾನೇ? ನೆನಪನ್ನು ನಂಬದೆ ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಎಲ್ಲಕ್ಕಿಂತ ಹೆಚ್ಚು ನೆರವಾದದ್ದು, ಪಕ್ಕದಲ್ಲಿ ಸುಮ್ಮನೆ ಕೂತು ತಮ್ಮ ಕೆಲಸ ಮಾಡಿಕೊಳ್ಳುವ ಒಬ್ಬ ಕಲ್ಯಾಣಮಿತ್ರ. ನನಗೆ ಅದು ನನ್ನ ಹೆಂಡತಿ. ಕೆಲವು ದಿನ ಇದಾವುದೂ ನಡೆಯುವುದಿಲ್ಲ. ಅಂದು ಪುಸ್ತಕ ಮುಚ್ಚಿ ಮಲಗುತ್ತೇನೆ. ವೈದ್ಯರು ಮಾತ್ರೆ ಬರೆದುಕೊಟ್ಟರೆ ಅದರಲ್ಲೂ ನಾಚಿಕೆ ಪಡುವಂಥದ್ದೇನಿಲ್ಲ. ಕನ್ನಡಕ ಹಾಕಿಕೊಂಡವರನ್ನು ನಾವು ಸೋಮಾರಿ ಎನ್ನುವುದಿಲ್ಲ.

ಆದರೆ ‘ನಿನಗೆ ನೀನೇ ದಾರಿ ಹುಡುಕಿಕೋ’ ಎಂದು ಹೇಳಿ ಕೈತೊಳೆದುಕೊಳ್ಳುವುದೂ ಮಹಾಪಂಥಕನ ಕೆಲಸವೇ. 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. ಅದೂ, ಆಟಿಸಂ ಕೂಡ, ಪಟ್ಟಿಗೆ ಸೇರಿದ್ದು 2016ರ ಕಾಯ್ದೆಯಲ್ಲಿ. ಅದಕ್ಕೂ ಮುಂಚೆ ಶಾಲೆ ಬಿಟ್ಟ ನಮ್ಮ ಅಣ್ಣ, ಅಕ್ಕಂದಿರಲ್ಲಿ ಎಷ್ಟೋ ಜನ ‘ದಡ್ಡ’ ಎಂಬ ಹೆಸರು ಹೊತ್ತೇ ಹೊರಬಂದರು. ಅವರು ಮತ್ತೆ ಕಲಿಯಲು ಬರುವ ಜಾಗ ಇಂಥ ಬಳಗಗಳೇ. ಇಲ್ಲೂ ಸರದಿ ಓದು ಕಡ್ಡಾಯವಾದರೆ ಅವರು ಇನ್ನೆಲ್ಲಿಗೆ ಹೋಗಬೇಕು?

ಅಣ್ಣನ ಹತ್ತಿರ ಕ್ಷಮೆ ಕೇಳಿದ್ದೇನೆ. ನನ್ನ ವಿಷಯವನ್ನೂ ಹೇಳಿದೆ. ಅವರು ನಕ್ಕು, “ನಿಮಗೂನಾ ಮೇಷ್ಟ್ರೇ?” ಅಂದರು. ಭಾನುವಾರ ಬರುತ್ತೇನೆ ಎಂದು ಇನ್ನೂ ಹೇಳಿಲ್ಲ. ಈ ವಾರದ ಭಾಗವನ್ನು ಓದಿ, ರೆಕಾರ್ಡ್ ಮಾಡಿ ಅವರಿಗೆ ಕಳಿಸಿದ್ದೇನೆ.

ಇಂದಿನ ಅಭ್ಯಾಸ: ನಾವು ಯಾರಿಗಾದರೂ ‘ಸರಿಯಾಗಿ ಪ್ರಯತ್ನ ಮಾಡು’ ಎಂದಿದ್ದರೆ, ಅವರಿಗೆ ಯಾವ ಬಟ್ಟೆ ಕೊಟ್ಟಿದ್ದೆವು ಎಂದು ಒಮ್ಮೆ ಯೋಚಿಸೋಣ. ಭಾನುವಾರದಿಂದ ಓದಲು ಇಷ್ಟವಿದ್ದವರು ಓದಲಿ, ಉಳಿದವರು ಕೇಳಿ ತಮಗೆ ತಿಳಿದದ್ದನ್ನು ಹೇಳಲಿ ಎಂಬುದು ನನ್ನ ಸಲಹೆ. ನಿಮ್ಮ ಅಭಿಪ್ರಾಯ ತಿಳಿಸಿ.

ಓದಲು ಕಷ್ಟವಾಗುವವರಿಗಾಗಿ ಇದನ್ನೇ ಧ್ವನಿಯಲ್ಲೂ ಕಳಿಸುತ್ತಿದ್ದೇನೆ. ಮುಂದೆ ಕಳಿಸುವವರು ಎರಡನ್ನೂ ಕಳಿಸಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏