ಬಸ್ ಸ್ಟಾಪಿನ ಆಪ್ತವಾಕ್ಯ

ಇನ್ನೊಬ್ಬರ ಮಾತು ನಂಬಿ ತಿಳಿದುಕೊಂಡದ್ದು ನಿಜವಾದ ಜ್ಞಾನವೇ? ಚಾರ್ವಾಕರು ಒಪ್ಪಲಿಲ್ಲ, ಕಣ್ಣಾರೆ ಕಂಡದ್ದೇ ಅವರಿಗೆ ಪ್ರಮಾಣ. ವೈಶೇಷಿಕರು ಇಂಥ ಮಾತನ್ನು, ಅಂದರೆ ಶಬ್ದವನ್ನು, ಅನುಮಾನದೊಳಗೆ (ಕುರುಹಿನಿಂದ ಊಹಿಸಿ ತಿಳಿಯುವುದರೊಳಗೆ) ಸೇರಿಸಿಬಿಟ್ಟರು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲಿ ಶಬ್ದಕ್ಕೂ ಸ್ವತಂತ್ರ ಸ್ಥಾನ ಕೊಟ್ಟರು. ಶಿರಸಿಯಲ್ಲಿ ಓದುವಾಗ ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಅದು ಮನಸ್ಸಿಗೆ ಇಳಿದದ್ದು ಬೆಂಗಳೂರಿಗೆ ಬಂದು ಸಿಟಿ ಬಸ್ಸು ಹತ್ತಲು ಶುರು ಮಾಡಿದ ಮೇಲೆ.

ಮೆಜೆಸ್ಟಿಕ್ಕಿನಲ್ಲಿ ‘335-ಇ ಕಾಡುಗೋಡಿ’ ಎಂಬ ಬೋರ್ಡು ಓದುವುದು ಪ್ರತ್ಯಕ್ಷ. ನಿಂತವರೆಲ್ಲ ಒಮ್ಮೆಲೇ ಚೀಲ ಎತ್ತಿಕೊಂಡರೆ ಬಸ್ಸು ಬಂತೆನ್ನುವುದು ಅನುಮಾನ. ಆದರೆ ಮಾರತಹಳ್ಳಿಯಲ್ಲಿ ಇಳಿದು ಹೆಬ್ಬಾಳಕ್ಕೆ 500-ಡಿ ಹಿಡಿಯಲು ರಿಂಗ್ ರೋಡಿನ ಯಾವ ಬದಿಗೆ ನಿಲ್ಲಬೇಕು? ಇದನ್ನು ಯಾರಾದರೂ ಹೇಳಲೇಬೇಕು. ಮೊಬೈಲಿನ ನಕ್ಷೆಯೂ ಕಡೆಗೆ ಯಾರೋ ಕಂಡು ಹೇಳಿದ್ದೇ.

ನನಗೆ ಹೇಳಿದವರು ಅಲ್ಲಿ ಹೂ ಮಾರುತ್ತಿದ್ದ ಹೆಂಗಸು. ಬೆರಳು ಮಲ್ಲಿಗೆ ಕಟ್ಟುತ್ತಲೇ ಇತ್ತು. “ಹೆಬ್ಬಾಳಕ್ಕಾ? ಇಲ್ಲಿ ನಿಂತ್ರೆ ಸಿಲ್ಕ್ ಬೋರ್ಡಿಗೆ ಹೋಗ್ಬಿಡ್ತೀರ. ರೋಡ್ ದಾಟಿ ಆ ಕಡೆ ನಿಂತ್ಕೊಳ್ಳಿ. ಒಂದು ರಶ್ ಇದ್ರೆ ಬಿಟ್ಬಿಡಿ, ಹಿಂದೇನೇ ಇನ್ನೊಂದ್ ಬರುತ್ತೆ.”

ಶಬ್ದ ಪ್ರಮಾಣವಾಗಬೇಕಾದರೆ ಹೇಳುವವರು ಆಪ್ತರಾಗಿರಬೇಕು. ಆಪ್ತ ಯಾರು? ನ್ಯಾಯಸೂತ್ರಗಳ ಭಾಷ್ಯದಲ್ಲಿ ವಾತ್ಸ್ಯಾಯನ ಎರಡೇ ಲಕ್ಷಣ ಹೇಳುತ್ತಾನೆ: ವಿಷಯವನ್ನು ನೇರವಾಗಿ ತಿಳಿದಿರಬೇಕು, ತಿಳಿದಂತೆಯೇ ಹೇಳುವ ಇಚ್ಛೆ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಸೇರಿಸುತ್ತಾನೆ. ಕುಲ, ಪದವಿ, ಭಾಷೆ ಯಾವುದನ್ನೂ ಅವನು ಕೇಳುವುದಿಲ್ಲ. ಮಾರತಹಳ್ಳಿಯ ಆ ಹೆಂಗಸು ನನ್ನ ಪಾಲಿಗೆ ಪೂರ್ಣ ಅರ್ಥದಲ್ಲಿ ಆಪ್ತರು.

ಅವರು ಆಪ್ತರೆಂದು ಮೊದಲೇ ತಿಳಿಯುವುದು ಹೇಗೆ? ತಿಳಿಯಲಾಗದು. ನಂಬಿ ಮಾಡಿದ ಕೆಲಸ (ಪ್ರವೃತ್ತಿ) ಸಫಲವಾದರೆ ಪ್ರಮಾಣ ಖಚಿತವಾಗುತ್ತದೆ ಎಂಬುದು ನೈಯಾಯಿಕರ ಉತ್ತರ. ಅಂದರೆ ಬಸ್ಸು ಹತ್ತಬೇಕು, ಹೆಬ್ಬಾಳ ಬರಬೇಕು. ನಂಬಿಕೆ ಮೊದಲು, ಪರೀಕ್ಷೆ ಆಮೇಲೆ. ಇದನ್ನು ಕುರುಡು ನಂಬಿಕೆ ಎನ್ನಲಾರೆ. ಹೊಸಬನಿಗೆ ಊರು ತಿಳಿಯಲು ಬೇರೆ ದಾರಿಯೇ ಇಲ್ಲ.

ಹಾಗಾಗಿ ಹೊಣೆ ಹೇಳುವವರ ಮೇಲಿದೆ. ಗೊತ್ತಿದ್ದೂ ಮೊಬೈಲಿನಿಂದ ತಲೆ ಎತ್ತದವರಲ್ಲಿ ಇಚ್ಛೆಯಿಲ್ಲ. ಗೊತ್ತಿಲ್ಲದೆಯೂ ಕೈತೋರಿಸಿ ಕಳಿಸುವವರಲ್ಲಿ ಜ್ಞಾನವಿಲ್ಲ. ಕಲಬುರಗಿಯಿಂದಲೋ ಬಿಹಾರದಿಂದಲೋ ಬಂದವರೊಬ್ಬರು ನಾಳೆ ಸ್ಟಾಪಿನಲ್ಲಿ ನಿಮ್ಮನ್ನು ದಾರಿ ಕೇಳಿದರೆ, ಗೊತ್ತಿದ್ದಷ್ಟನ್ನು ಬಿಡಿಸಿ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಅದೂ ಸತ್ಯವೇ.